ಗುಂಡು ಬಿದ್ದ ಕಾಲಲ್ಲಿ ಗೆದ್ದ ಚಿನ್ನ: ಸಚಿನ್ ನಾಗ್

ಬೆಂಗಳೂರು ದೇಶಕ್ಕೆ ತುಂಬಾ ಈಜುಗಾರರನ್ನ ಕೊಟ್ಟ ಊರು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್, ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಶ್ರೀಹರಿ ನಟರಾಜ್ ಇಬ್ಬರೂ ಇಲ್ಲಿಯವರೇ. ನಮಗೆ ಫಸ್ಟ್ ಅವರ್ ಶುರುವಾಗೋ ಹೊತ್ತಿಗೆ ಬಸವನಗುಡಿಯ ಈಜುಕೊಳದಲ್ಲಿ ಮಕ್ಕಳು ಬೆಳಗಿನ ಪ್ರಾಕ್ಟೀಸ್ ಮುಗಿಸಿ ಸ್ಕೂಲಿಗೆ ಹೊರಟಿರ್ತಾರೆ. ಇಷ್ಟೆಲ್ಲ ಇದ್ರೂ, ಏಷ್ಯನ್ ಗೇಮ್ಸ್‌ನ ಈಜು ರೇಸುಗಳಲ್ಲಿ 2023ರ ಹಾಂಗ್‌ಝೌ ಕೂಟದ ತನಕ ಭಾರತಕ್ಕೆ ಸಿಕ್ಕಿರೋದು ಒಂದೇ ಒಂದು ಚಿನ್ನ. ಅದೂ 1951ರಲ್ಲಿ. ಗೆದ್ದವರ ಹೆಸರು ಸಚಿನ್ ನಾಗ್. ಆ ಚಿನ್ನಕ್ಕೆ ನಾಲ್ಕು ವರ್ಷ ಮುಂಚೆ ಅವರ ಕಾಲಿಗೆ ಗುಂಡು ಬಿದ್ದಿತ್ತು.

ನಾಗ್ ಹುಟ್ಟಿದ್ದು 1920ರ ಜುಲೈ 5ರಂದು, ಕಾಶಿಯಲ್ಲಿ. ಅವರು ಈಜುಗಾರ ಆದ ಬಗ್ಗೆ ಒಂದು ಕಥೆ ಹೇಳ್ತಾರೆ. ಸ್ವಾತಂತ್ರ್ಯ ಚಳವಳಿಯ ಕಾಲ, 1930. ಗಂಗೆಯ ದಡದಲ್ಲಿ ಜನ ಸೇರಿದ್ದಾಗ ಪೊಲೀಸರು ಲಾಠಿ ಬೀಸಿದ್ರು. ಹತ್ತು ವರ್ಷದ ಹುಡುಗ ತಪ್ಪಿಸಿಕೊಳ್ಳೋಕೆ ನದಿಗೆ ಹಾರಿದ. ಅದೇ ಹೊತ್ತಿಗೆ ನದಿಯಲ್ಲಿ ಒಂದು ದೂರದ ಈಜು ಸ್ಪರ್ಧೆ ನಡೀತಿತ್ತು. ಸ್ಪರ್ಧಿಗಳ ನಡುವೆ ಸೇರಿಕೊಂಡು ಈಜ್ತಾ ಹೋದ ಹುಡುಗ ಕೊನೆಗೆ ಮೂರನೇ ಸ್ಥಾನದಲ್ಲಿ ಬಂದನಂತೆ. ಮುಂದೆ ಜಾಮಿನಿ ದಾಸ್ ಅನ್ನೋ ತರಬೇತುದಾರರ ಕಣ್ಣಿಗೆ ಬಿದ್ದು, ಕಲ್ಕತ್ತಾಗೆ ಬಂದು, ಹಾಟ್‌ಖೋಲಾ ಕ್ಲಬ್ಬಿನಲ್ಲಿ ಪಳಗಿದ್ರು. ಕೆಲವೇ ವರ್ಷಗಳಲ್ಲಿ ದೇಶದ ವೇಗದ ಫ್ರೀಸ್ಟೈಲ್ ಈಜುಗಾರರಲ್ಲಿ ಒಬ್ಬರಾದ್ರು.

ಆದ್ರೆ ಅವರ ಒಳ್ಳೆ ವಯಸ್ಸನ್ನ ಯುದ್ಧ ತಿಂದು ಹಾಕ್ತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಅಂದ್ರೆ ಇಪ್ಪತ್ತು ಮತ್ತು ಇಪ್ಪತ್ನಾಲ್ಕನೇ ವಯಸ್ಸಿನ ಎರಡು ಅವಕಾಶ ಹೋಯ್ತು. ಉಳಿದಿದ್ದು 1948ರ ಲಂಡನ್. ಅದಕ್ಕೆ ಒಂದು ವರ್ಷ ಇರುವಾಗ, 1947ರಲ್ಲಿ, ಕಲ್ಕತ್ತಾದ ಗಲಭೆಯಲ್ಲಿ ಗುಂಡು ಬಂದು ಅವರ ಕಾಲಿಗೆ ಹೊಕ್ಕಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ರು. ಪೂರ್ತಿ ಸುಧಾರಿಸಿಕೊಳ್ಳೋಕೆ ಎರಡು ವರ್ಷವಾದ್ರೂ ಬೇಕು ಅಂತ ಡಾಕ್ಟರುಗಳು ಹೇಳಿದ್ರು.

ಈಜೋದು ಕೈಯಲ್ಲಿ ತಾನೇ, ಕಾಲಿಗೆ ಏಟಾದ್ರೆ ಏನು ಅಂತ ಕೆಲವರಿಗೆ ಅನ್ನಿಸಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿರೋರು ಸ್ವಲ್ಪ ಯೋಚಿಸಿ. ಫ್ರೀಸ್ಟೈಲ್‌ನಲ್ಲಿ ಮುಂದಕ್ಕೆ ತಳ್ಳೋ ಬಲದ ಹೆಚ್ಚಿನ ಪಾಲು ಕೈಯಿಂದ ಬರುತ್ತೆ, ನಿಜ. ಕಾಲಿನ ದೊಡ್ಡ ಕೆಲಸ ಬೇರೆ. ಒಂದೇ ಸಮ ಬಡೀತಾ ಸೊಂಟವನ್ನ ಮೇಲೆ ಇಟ್ಟು, ದೇಹವನ್ನ ನೀರಿನ ಮಟ್ಟಕ್ಕೆ ಚಪ್ಪಟೆಯಾಗಿ ಇಡೋದು. ಕಾಲು ಸೋತರೆ ಸೊಂಟ ಇಳಿಯುತ್ತೆ, ನೀರಿಗೆ ಎದುರಾಗೋ ಅಗಲ ಜಾಸ್ತಿ ಆಗುತ್ತೆ, ಡ್ರ್ಯಾಗ್ ಏರುತ್ತೆ. ಡ್ರ್ಯಾಗ್ ಹೆಚ್ಚುಕಮ್ಮಿ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯೋದ್ರಿಂದ, 100 ಮೀಟರ್ ಥರದ ವೇಗದ ರೇಸಿನಲ್ಲಿ ಅದರ ಬೆಲೆ ಇನ್ನೂ ದುಬಾರಿ. ಮೇಲಾಗಿ ಸ್ಟಾರ್ಟಿಂಗ್ ಬ್ಲಾಕಿನಿಂದ ಜಿಗಿಯೋದು, ತಿರುಗುವಾಗ ಗೋಡೆ ಒದ್ದು ಚಿಮ್ಮೋದು, ಎರಡೂ ಪೂರ್ತಿ ಕಾಲಿನ ಕೆಲಸ. ಕೈಗೆ ಏಟಾದವರು ಹಿಡಿತ ಕಳ್ಕೊಳ್ತಾರೆ. ಕಾಲಿಗೆ ಏಟಾದವರ ಕೈ, ತನ್ನ ಕೆಲಸದ ಜೊತೆ ಸೋತ ಕಾಲನ್ನೂ ಎಳ್ಕೊಂಡು ಹೋಗಬೇಕು.

ಮಾರನೇ ವರ್ಷ ನಾಗ್ ಲಂಡನ್‌ನಲ್ಲಿದ್ರು. 100 ಮೀಟರ್ ಫ್ರೀಸ್ಟೈಲ್ ಈಜಿದ್ರು, ಜೊತೆಗೆ ವಾಟರ್ ಪೋಲೋ ತಂಡದಲ್ಲೂ ಆಡಿದ್ರು. ವಾಟರ್ ಪೋಲೋದಲ್ಲಿ ತಳಕ್ಕೆ ಕಾಲು ಊರೋ ಹಾಗಿಲ್ಲ. ಪಂದ್ಯ ಪೂರ್ತಿ ಕಾಲಿನಿಂದಲೇ ನೀರು ತುಳೀತಾ ತೇಲಿಕೊಂಡಿರಬೇಕು, ಎದುರಾಳಿ ಮೇಲೆ ಬಿದ್ರೂ ಏಳಬೇಕು. ಗುಂಡು ಬಿದ್ದು ವರ್ಷವಷ್ಟೇ ಕಳೆದ ಕಾಲಿಗೆ ಇದಕ್ಕಿಂತ ಕಷ್ಟದ ಆಟ ಇರಲಾರದು. ಭಾರತ ಚಿಲಿಯನ್ನ ಸೋಲಿಸಿದ ಪಂದ್ಯದಲ್ಲಿ ಅವರು ನಾಲ್ಕು ಗೋಲು ಹೊಡೆದ್ರು.

ರೀಲ್ಸ್‌ನಲ್ಲಿ ಇಂಥ ಕಥೆ ಬಂದ್ರೆ ಇಲ್ಲಿಗೇ ಮ್ಯೂಸಿಕ್ ಏರಿ ಮುಗಿದುಬಿಡುತ್ತೆ. ಡಾಕ್ಟರ್ ಆಗಲ್ಲ ಅಂದ್ರು, ಅವರು ಮಾಡಿ ತೋರಿಸಿದ್ರು ಅಂತ. ಆದ್ರೆ ಲಂಡನ್‌ನ 100 ಮೀಟರ್‌ನಲ್ಲಿ ನಾಗ್ ಫೈನಲ್ ತನಕವೂ ಬರಲಿಲ್ಲ. ಡಾಕ್ಟರುಗಳ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ ಅನ್ಸುತ್ತೆ. ಒಂದು ವರ್ಷದಲ್ಲಿ ನೀರಿಗೆ ವಾಪಸ್ ಬರಬಹುದು. ಗೆಲ್ಲೋ ಮಟ್ಟಕ್ಕೆ ಬರೋದು ಬೇರೆ ಮಾತು. ಅದಕ್ಕೆ ಅವರಿಗೆ ಇನ್ನೂ ಮೂರು ವರ್ಷ ಹಿಡೀತು. ಪದಕ ಇಲ್ಲದೆ ಊರಿಗೆ ಬಂದು, ಮತ್ತೆ ಅದೇ ಕೊಳಕ್ಕೆ ಇಳಿದು ಕಳೆದ ಆ ಮೂರು ವರ್ಷಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ನಡೆಯಿತು. ನಾಗ್‌ಗೆ ಮೂವತ್ತು ವಯಸ್ಸು. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರ ಪಕ್ಕ ಇದ್ದವರು ಸಿಂಗಾಪುರದ ನಿಯೋ ಚ್ವೀ ಕಾಕ್. ಆ ಕೂಟದ 400, 800, 1500 ಮೀಟರ್ ಮೂರೂ ಚಿನ್ನ ಅವರದ್ದೇ. 100 ಮೀಟರ್ ಮಾತ್ರ ಸಿಗಲಿಲ್ಲ. ನಾಗ್ 1 ನಿಮಿಷ 4.7 ಸೆಕೆಂಡಿನಲ್ಲಿ ಗೋಡೆ ಮುಟ್ಟಿದ್ರು. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಚಿನ್ನ ಅದು. ಅದೇ ಕೂಟದಲ್ಲಿ ಎರಡು ರಿಲೇಗಳಲ್ಲಿ ಕಂಚೂ ಬಂತು.

ಇವತ್ತು ನಮ್ಮ ಊರಿನ ಹೈಸ್ಕೂಲು ಹುಡುಗರೇ ಇದಕ್ಕಿಂತ ಬೇಗ ಈಜ್ತಾರೆ. ಜಪಾನಿನ ಈಜುಗಾರರು ಆ ಕೊಳದಲ್ಲಿ ಇರಲೂ ಇಲ್ಲ. ಆಗ ಜಪಾನಿನಲ್ಲಿ ಫುರುಹಾಶಿ ಹಿರೊನೊಶಿನ್ ದೂರದ ರೇಸುಗಳ ದೊರೆ. ಅವರ ಕಥೆಯೂ ಇದೇ ಜಾತಿಯದ್ದು. ವಿದ್ಯಾರ್ಥಿಯಾಗಿದ್ದಾಗ ಯುದ್ಧಕಾಲದ ಫ್ಯಾಕ್ಟರಿಯ ಯಂತ್ರಕ್ಕೆ ಎಡಗೈ ಬೆರಳಿನ ತುದಿ ಕೊಟ್ಟು, ಮತ್ತೆ ನೀರಿಗಿಳಿದು ವಿಶ್ವದಾಖಲೆ ಮಾಡಿದವರು. 1948ರಲ್ಲಿ ಜಪಾನಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತ್ತು, 1952ರಲ್ಲಿ ಅದು ತೆರೆಯೋ ಹೊತ್ತಿಗೆ ಅವರ ಒಳ್ಳೆ ದಿನ ಮುಗಿದಿತ್ತು. ಗಾಯ ವಾಸಿಯಾದ್ರೂ ಕಾಲ ಕೂಡಿ ಬರಬೇಕು. ನಾಗ್‌ಗೆ ತಡವಾಗಿಯಾದ್ರೂ ಅದು ಕೂಡಿ ಬಂತು.

1952ರ ಹೆಲ್ಸಿಂಕಿಯಲ್ಲೂ ಅವರು ವಾಟರ್ ಪೋಲೋ ಆಡಿದ್ರು. ಆಮೇಲೆ ಮಕ್ಕಳಿಗೆ ಈಜು ಕಲಿಸಿದ್ರು. ಇಂಗ್ಲಿಷ್ ಕಾಲುವೆ ದಾಟಿದ ಮೊದಲ ಏಷ್ಯಾದ ಮಹಿಳೆ ಆರತಿ ಸಾಹಾ ಅವರ ಕೈಯಲ್ಲಿ ಕಲಿತವರು. 1987ರಲ್ಲಿ ನಾಗ್ ತೀರಿಕೊಂಡ್ರು. ಸರ್ಕಾರ ಅವರಿಗೆ ಧ್ಯಾನ್ ಚಂದ್ ಪ್ರಶಸ್ತಿ ಕೊಟ್ಟಿದ್ದು 2020ರಲ್ಲಿ, ಅವರು ಹೋಗಿ 33 ವರ್ಷ ಆದ್ಮೇಲೆ.

ನಮ್ಮ ಕ್ಯಾಂಪಸ್‌ನಲ್ಲೂ ಭುಜ, ಮೊಣಕಾಲು ಏಟು ಮಾಡ್ಕೊಂಡು ಆಟ ಬಿಟ್ಟವರು ಇದ್ದಾರೆ. ಆರು ತಿಂಗಳಾಯ್ತು, ಇನ್ನೂ ಮೊದಲಿನ ಹಾಗೆ ಆಗ್ತಿಲ್ಲ, ಸಾಕು ಅಂತ ಕಿಟ್ ಬ್ಯಾಗ್ ಮಂಚದ ಕೆಳಗೆ ತಳ್ಳಿರ್ತಾರೆ. ಅವರು ಲಂಡನ್‌ಗಿಂತ, ಲಂಡನ್ ಆದ ಮೇಲಿನ ಆ ಮೂರು ವರ್ಷಗಳನ್ನ ನೆನಪಿಡಬೇಕು. ಫಿಸಿಯೋ ಹೇಳಿದ ಗಡುವು ಮುಗಿದ ದಿನ ಸಿಗೋದು ನೀರಿಗಿಳಿಯೋ ಅನುಮತಿ ಅಷ್ಟೇ.