ತೊಲೆಯ ಬಾಗನ್ನು ಲೆಕ್ಕಕ್ಕೆ ತಂದ ಆಯ್ಲರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಇವೆ. ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಬಲದ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ತಮ್ಮ ಮನೆಯ ತೊಲೆ ನಡುವೆ ಬಾಗಿದೆ ಎಂದ. ಅದಕ್ಕೆ ಮೇಲಿನ ಮಣ್ಣು ಕಾರಣವೋ, ಕಟ್ಟಿದ ತೊಟ್ಟಿಲು ಕಾರಣವೋ ಎಂದು ಕೇಳಿದ. ನಾನು ಬಿ.ಎಸ್ಸಿ. ಪ್ರಯೋಗದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು, ಮತ್ತೆ ಯಾರೂ ಪ್ರಶ್ನೆ ಕೇಳಲಿಲ್ಲ. ಆ ಸೂತ್ರದ ಹಿಂದಿರುವ ಗಣಿತಜ್ಞರ ಜೀವನ ಓದಿದ ಮೇಲೆ ನನ್ನ ಪಾಠ ಎಲ್ಲಿ ತಪ್ಪಿತೆಂದು ತಿಳಿಯಿತು.

ಲಿಯೊನಾರ್ಡ್ ಆಯ್ಲರ್ 1707ರ ಏಪ್ರಿಲ್ 15ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಜನಿಸಿದರು. ತಂದೆ ಪಾದ್ರಿ, ಮಗನೂ ಅದೇ ದಾರಿ ಹಿಡಿಯಲಿ ಎಂಬುದು ಅವರ ಆಸೆ. ಆದರೆ ಗಣಿತಜ್ಞ ಯೋಹಾನ್ ಬರ್ನೂಲಿ ಹುಡುಗನ ಪ್ರತಿಭೆ ಗುರುತಿಸಿದರು. ಅವರು ದಿನವೂ ಪಾಠ ಹೇಳಲಿಲ್ಲ. ಕಠಿಣ ಪುಸ್ತಕಗಳನ್ನು ತಾನೇ ಓದಿಕೊಳ್ಳಲು ಹೇಳಿ, ತಿಳಿಯದಿದ್ದುದನ್ನು ಶನಿವಾರ ಮಧ್ಯಾಹ್ನ ಬಂದು ಕೇಳಲು ಬಿಟ್ಟರು. ಪ್ರಶ್ನೆಗಳು ಕಡಿಮೆಯಾಗಲೆಂದು ಆಯ್ಲರ್ ವಾರವಿಡೀ ದುಡಿಯುತ್ತಿದ್ದರು.

1727ರಲ್ಲಿ ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿ ಸೇರಿದರು. ಅಲ್ಲಿ ಗುರುವಿನ ಮಗ ಡೇನಿಯಲ್ ಬರ್ನೂಲಿ ಗೆಳೆಯರಾದರು. 1738ರ ಹೊತ್ತಿಗೆ ಆಯ್ಲರ್ ಅವರ ಬಲಗಣ್ಣಿನ ದೃಷ್ಟಿ ಹೋಯಿತು. 1741ರಲ್ಲಿ ಬರ್ಲಿನ್‌ಗೆ ಹೋದರು.

ಹೊರೆ ಹೊತ್ತ ಪಟ್ಟಿ ಯಾವ ಆಕಾರಕ್ಕೆ ಬಾಗುತ್ತದೆ ಎಂಬುದು ಆಗ ಹಳೆಯ ಪ್ರಶ್ನೆಯೇ. ಯೋಹಾನರ ಅಣ್ಣ ಯಾಕೋಬ್ ಬರ್ನೂಲಿ ಅದರಲ್ಲಿ ಮೊದಲ ಹೆಜ್ಜೆ ಇಟ್ಟಿದ್ದರು. ಡೇನಿಯಲ್ ಪತ್ರ ಬರೆದು ಒಂದು ಹೊಸ ದಾರಿ ಸೂಚಿಸಿದರು. ಆಯ್ಲರ್ ಆ ದಾರಿ ಹಿಡಿದು 1744ರ ತಮ್ಮ ಗ್ರಂಥದ ಅನುಬಂಧದಲ್ಲಿ ಬಾಗಿದ ಪಟ್ಟಿಯ ವಕ್ರರೇಖೆಗಳನ್ನು ವಿವರಿಸಿದರು. ಮುಂದೆ ಎಂಜಿನಿಯರುಗಳು ಬಳಸಿದ ಸಿದ್ಧಾಂತಕ್ಕೆ ಆಯ್ಲರ್–ಬರ್ನೂಲಿ ಎಂಬ ಜೋಡಿ ಹೆಸರೇ ನಿಂತಿತು.

ಈ ಸಿದ್ಧಾಂತದ ಸೊಗಸು ಇಲ್ಲಿದೆ: ಬಾಗು ಚಿಕ್ಕದಾಗಿದ್ದು, ಹೊರೆ ತೆಗೆದರೆ ತೊಲೆ ಮೊದಲಿನಂತಾಗುವವರೆಗೆ, ಪ್ರತಿಯೊಂದು ಹೊರೆಯ ಪರಿಣಾಮವನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬಹುದು. ಎರಡು ಗೋಡೆಗಳ ಮೇಲೆ ಕೂತ ತೊಲೆಯ ನಟ್ಟನಡುವೆ ತೂಗುಬಿಟ್ಟ ಭಾರವು ನಡುಭಾಗವನ್ನು 8 ಮಿಲಿಮೀಟರ್ ಇಳಿಸುತ್ತದೆ ಎನ್ನೋಣ. ಅಷ್ಟೇ ತೂಕದ ಮಣ್ಣನ್ನು ಉದ್ದಕ್ಕೂ ಸಮನಾಗಿ ಹರಡಿದರೆ ಇಳಿತ 5 ಮಿಲಿಮೀಟರ್ ಮಾತ್ರ. ಎರಡೂ ಇದ್ದರೆ 13. ತುದಿಗಳಲ್ಲಿ ತೊಲೆ ಪಡೆಯುವ ಓರೆಯನ್ನೂ ಹೀಗೆಯೇ ಕೂಡಿಸಬೇಕು. ಹರಡಿದ ಹೊರೆಯ ಓರೆ, ನಡುವಿನ ಹೊರೆಯ ಓರೆಯ ಮೂರರಲ್ಲಿ ಎರಡು ಪಾಲು. ಅದೇ ಭಾರ ನಡುವೆ ಇದ್ದು ತೊಲೆಯ ಉದ್ದ ಇಮ್ಮಡಿಯಾದರೆ ಇಳಿತ ಎಂಟು ಪಟ್ಟು.

1766ರಲ್ಲಿ ಆಯ್ಲರ್ ಪೀಟರ್ಸ್‌ಬರ್ಗ್‌ಗೆ ಮರಳಿದರು. ಉಳಿದಿದ್ದ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಅವರನ್ನು ಹೊತ್ತು ಹೊರತರಬೇಕಾಯಿತು. ಅದೇ ವರ್ಷದ ಶಸ್ತ್ರಚಿಕಿತ್ಸೆಯಿಂದ ಕೆಲವು ದಿನ ಕಣ್ಣು ಕಂಡರೂ ಮತ್ತೆ ಕತ್ತಲೆ ಕವಿಯಿತು. ಆದರೂ ಕೆಲಸ ನಿಲ್ಲಲಿಲ್ಲ. ಅವರ ಒಟ್ಟು ಬರಹದ ಸುಮಾರು ಅರ್ಧ ಈ ಕೊನೆಯ ಅವಧಿಯದು. ಮನಸ್ಸಿನಲ್ಲೇ ಲೆಕ್ಕ ಮಾಡಿ ಬಾಯಿಂದ ಹೇಳಿ ಬರೆಸುತ್ತಿದ್ದರು. ಬೀಜಗಣಿತದ ಪುಸ್ತಕವನ್ನು ಅವರು ಬರೆಸಿದ್ದು ದರ್ಜಿ ಕೆಲಸ ಕಲಿತಿದ್ದ, ಗಣಿತ ಹೆಚ್ಚು ತಿಳಿಯದ ಒಬ್ಬ ಯುವಕನಿಂದ. ಬರೆದುಕೊಳ್ಳುತ್ತಲೇ ಅವನು ಬೀಜಗಣಿತ ಕಲಿತನಂತೆ. 1783ರ ಸೆಪ್ಟೆಂಬರ್ 18ರಂದು ಆಯ್ಲರ್ ತೀರಿಕೊಂಡರು. ಆ ದಿನವೂ ಅವರು ಲೆಕ್ಕದಲ್ಲಿ ತೊಡಗಿದ್ದರು.

ಕಪ್ಪುಹಲಗೆ ಕಾಣದ ಆ ಗುರು ಶಿಷ್ಯನಿಗೆ ತಿಳಿಯುವಂತೆ ಒಂದೊಂದೇ ಹೆಜ್ಜೆ ಹೇಳಿದರು. ನಾನು ಹಲಗೆ ತುಂಬ ಬರೆದೂ ಒಂದು ಹೆಜ್ಜೆಯನ್ನೂ ಹೇಳಿರಲಿಲ್ಲ. ಮುಂದಿನ ಅವಧಿಯಲ್ಲಿ ಎರಡು ಬೆಂಚುಗಳ ನಡುವೆ ಮರದ ಮೀಟರ್ ಪಟ್ಟಿ ಇಟ್ಟೆವು. ಸಮ ತೂಕದ ಮರಳಿನ ಪೊಟ್ಟಣಗಳನ್ನು ಮೊದಲು ಉದ್ದಕ್ಕೂ ಹರಡಿ, ಆಮೇಲೆ ಎಲ್ಲವನ್ನೂ ನಡುವೆ ಕಟ್ಟಿ, ಮಕ್ಕಳೇ ಇಳಿತ ಅಳೆದರು. ಪ್ರಶ್ನೆ ಕೇಳಿದ್ದ ಹುಡುಗನೇ ಉತ್ತರ ಹೇಳಿದ: ಮಣ್ಣೂ ಕಾರಣ, ತೊಟ್ಟಿಲೂ ಕಾರಣ, ಎರಡನ್ನೂ ಕೂಡಿಸಬೇಕು.

ಮಳೆ ನೆನೆದರೆ ಮಾಳಿಗೆಯ ಮಣ್ಣು ಭಾರವಾಗುತ್ತದೆ ಎಂಬುದನ್ನೂ ಮಕ್ಕಳೇ ಸೇರಿಸಿದರು. ತೊಟ್ಟಿಲು ಬಿಚ್ಚಿದರೂ, ಮಣ್ಣು ಒಣಗಿದರೂ ಬಾಗು ಉಳಿದು, ವರ್ಷ ವರ್ಷ ಹೆಚ್ಚುತ್ತಿದ್ದರೆ ಕೂಡಿಸುವ ಲೆಕ್ಕ ಅಲ್ಲಿಗೆ ಸಾಲದು. ಆ ತೊಲೆಗೆ ಆಸರೆ ಕೊಡಬೇಕೆಂದು ಮನೆಯ ಹಿರಿಯರಿಗೆ ಹೇಳಬೇಕು. ಈ ಮಾತು ಹಿಂದಿನ ದಿನದ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಈಗ ಸೇರಿಸಿದ್ದೇನೆ.