ಹುಳಿಗೆ ಅಳತೆ ಕೊಟ್ಟ ಸೊರೆನ್ಸೆನ್

ಸಾರಿಗೆ ಹುಳಿ ಜಾಸ್ತಿಯಾಯ್ತು ಅಂತ ನಾವೆಲ್ಲ ಹೇಳ್ತೀವಿ. ಎಷ್ಟು ಜಾಸ್ತಿ ಅಂತ ಕೇಳಿದರೆ? ಸ್ವಲ್ಪ ಅಂತೀವಿ, ಇಲ್ಲ ತುಂಬಾ ಅಂತೀವಿ. ದೂರಕ್ಕೆ ಮೀಟರು, ತೂಕಕ್ಕೆ ಕಿಲೋ ಇದೆ. ಹುಳಿಗೆ? ಅದಕ್ಕೂ ಒಂದು ಸುಲಭವಾದ ಅಳತೆ ಕೊಟ್ಟವರು ಡೆನ್ಮಾರ್ಕ್ ದೇಶದ ವಿಜ್ಞಾನಿ ಎಸ್.ಪಿ.ಎಲ್. ಸೊರೆನ್ಸೆನ್. ಆ ಅಳತೆಯೇ ಪಿ.ಹೆಚ್.

ಸೊರೆನ್ಸೆನ್ ಅವರು 1868ನೇ ಇಸವಿ ಜನವರಿ 9ರಂದು ಹಾವ್ರೆಬ್ಯೆರ್ಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ರೈತರು. ಡಾಕ್ಟರ್ ಆಗಬೇಕು ಅಂತ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಯೋರ್ಗೆನ್ಸೆನ್ ಎಂಬ ಗುರುಗಳ ಪ್ರಭಾವದಿಂದ ಅವರ ಮನಸ್ಸು ರಸಾಯನಶಾಸ್ತ್ರದ ಕಡೆ ತಿರುಗಿತು. 1901ರಲ್ಲಿ ಅವರು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥರಾದರು. ನಗಬೇಡಿ, ಇದು ಬೀರು ತಯಾರಿಸುವ ಕಾರ್ಖಾನೆಯ ಯಜಮಾನರು 1875ರಲ್ಲಿ ಕಟ್ಟಿಸಿದ ಪ್ರಯೋಗಾಲಯ! ಆದರೆ ಅಲ್ಲಿ ಒಂದು ಒಳ್ಳೆಯ ನಿಯಮ ಇತ್ತು. ಕಂಡುಹಿಡಿದದ್ದನ್ನು ಗುಟ್ಟಾಗಿ ಇಡುವಂತಿಲ್ಲ, ಲೋಕಕ್ಕೆ ತಿಳಿಸಬೇಕು.

ಸೊರೆನ್ಸೆನ್ ಅಲ್ಲಿ ಕಿಣ್ವ ಮತ್ತು ಪ್ರೋಟೀನುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅವರ ಪತ್ನಿ ಮಾರ್ಗರೆಟ್ ಅವರೂ ಈ ಕೆಲಸಕ್ಕೆ ಹೆಗಲು ಕೊಟ್ಟರು. ಕಿಣ್ವಗಳು ಬಹಳ ಸೂಕ್ಷ್ಮ. ದ್ರಾವಣದ ಹುಳಿ ಒಂಚೂರು ಹೆಚ್ಚುಕಮ್ಮಿ ಆದರೂ ಅವುಗಳ ಕೆಲಸ ನಿಧಾನವಾಗ್ತದೆ, ಇಲ್ಲವೇ ನಿಂತೇ ಹೋಗ್ತದೆ. ಹೀಗಾಗಿ ಹುಳಿಯನ್ನು ಸರಿಯಾಗಿ ಅಳೆಯದೆ ಮುಂದೆ ಹೋಗುವಂತೆಯೇ ಇರಲಿಲ್ಲ.

ಹುಳಿಗೆ ಕಾರಣ ಹೈಡ್ರೋಜನ್ ಅಯಾನುಗಳು. ಶುದ್ಧ ನೀರಿನ ಒಂದು ಲೀಟರಿನಲ್ಲಿ ಇವು ಒಂದು ಗ್ರಾಮಿನ ಕೋಟಿಯಲ್ಲಿ ಒಂದು ಪಾಲು ಮಾತ್ರ. ಇಂಥ ಸಂಖ್ಯೆಯನ್ನು ಪ್ರತಿ ಸಲ ಬರೆಯೋದು ಎಂಥ ಕಷ್ಟ! 1909ರಲ್ಲಿ ಸೊರೆನ್ಸೆನ್ ಒಂದು ಉಪಾಯ ಮಾಡಿದರು. ಕೋಟಿಯಲ್ಲಿ 7 ಸೊನ್ನೆ ಅಲ್ಲವೇ? ಆ 7ನ್ನೇ ಅಳತೆಯಾಗಿ ಇಟ್ಟರು. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಒಂದು ಮೆಟ್ಟಿಲು ಇಳಿದರೆ ಹುಳಿ 10 ಪಟ್ಟು, ಎರಡು ಮೆಟ್ಟಿಲು ಇಳಿದರೆ 100 ಪಟ್ಟು. ನಿಂಬೆರಸದ ಪಿ.ಹೆಚ್. ಸುಮಾರು 2, ನಮ್ಮ ರಕ್ತದ್ದು ಸುಮಾರು 7.4.

ಪ್ರಯೋಗದ ನಡುವೆ ಪಿ.ಹೆಚ್. ಅಲುಗಾಡದಂತೆ ಸೊರೆನ್ಸೆನ್ ಬಫರ್ ದ್ರಾವಣಗಳನ್ನು ಬಳಸಿದರು. ಸ್ವಲ್ಪ ಆಮ್ಲ ಬಿದ್ದರೂ ಇವು ಅದನ್ನು ನುಂಗಿಕೊಳ್ತವೆ.

ಈ ಎರಡೂ ವಿದ್ಯೆ ಇವತ್ತು ಎಲ್ಲಿ ಕೂಡಿ ಕೆಲಸ ಮಾಡ್ತವೆ ನೋಡಿ. ಕೆಲವು ದೇಶಗಳಲ್ಲಿ ಮನೆಯ ಹಿತ್ತಲಲ್ಲೇ ಈಜುಕೊಳ ಇರ್ತದೆ. ಅದರ ನೀರಿನ ಪಿ.ಹೆಚ್. 7.2ರಿಂದ 7.8ರ ಒಳಗೆ ಇರಬೇಕು. ಇಳಿದರೆ ಕಣ್ಣು ಉರಿ, ಲೋಹದ ಕೊಳವೆಗಳಿಗೂ ಕೇಡು. ಏರಿದರೆ ಕ್ಲೋರಿನ್ನಿಗೆ ರೋಗಾಣು ಕೊಲ್ಲುವ ಶಕ್ತಿ ಕುಗ್ಗುತ್ತದೆ. ನೀರು ತಿಳಿಯಾಗಿ ಕಂಡರೂ ಮಕ್ಕಳಿಗೆ ಅಪಾಯ. ಅದಕ್ಕೆ ಮೊದಲು ನೀರಿನ ಕ್ಷಾರೀಯತೆಯನ್ನು ಲೀಟರಿಗೆ 80ರಿಂದ 120 ಮಿಲಿಗ್ರಾಂ ಆಸುಪಾಸಿಗೆ ತರ್ತಾರೆ. ಕಡಿಮೆಯಿದ್ದರೆ ಅಡುಗೆ ಸೋಡಾ ಹಾಕ್ತಾರೆ. ಅದೇ ಅಲ್ಲಿ ಬಫರ್! ಆಮೇಲೆ ಪಿ.ಹೆಚ್. ಸರಿ ಮಾಡಿದರೆ ಅದು ಬೇಗ ಏರುಪೇರಾಗುವುದಿಲ್ಲ. ನಮ್ಮೂರಲ್ಲಿ ಈಜುಕೊಳ ಇಲ್ಲ, ನಿಜ. ಆದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿ.ಹೆಚ್. ಅಂತ ಬರೆದಿರ್ತದಲ್ಲ, ಅದೂ ಇದೇ ಅಳತೆ.

ಸೊರೆನ್ಸೆನ್ 1938ರವರೆಗೆ ಅದೇ ಪ್ರಯೋಗಾಲಯದಲ್ಲಿ ದುಡಿದರು. 1939ರ ಫೆಬ್ರವರಿ 12ರಂದು ತೀರಿಕೊಂಡರು. ಅವರಿಗೆ ನೊಬೆಲ್ ಬಹುಮಾನ ಬರಲಿಲ್ಲ. ಆದರೆ ಆಸ್ಪತ್ರೆ, ಹೊಲ, ಕುಡಿಯುವ ನೀರು, ಎಲ್ಲ ಕಡೆ ಅವರ ಅಳತೆ ಇದೆ. ರೈತನ ಮಗನೊಬ್ಬ ಎಷ್ಟು ಎಂಬ ಪ್ರಶ್ನೆಯನ್ನು ಬಿಡದೆ ಹಿಡಿದದ್ದರ ಫಲ ಇದು. ನಾವೂ ಇನ್ನು ಮುಂದೆ ಸ್ವಲ್ಪ, ತುಂಬಾ ಅನ್ನೋದು ಬಿಟ್ಟು ಎಷ್ಟು ಅಂತ ಕೇಳೋಣ.