ಎರೆನೆಲದಿಂದ ಸಿಯಾಚಿನ್‌ಗೆ

ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆಯ ಜನ ಮಳೆಯ ಲೆಕ್ಕ ಬಲ್ಲವರು. ಹಿಮದ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ. 2016ರ ಫೆಬ್ರವರಿಯಲ್ಲಿ ಅದೂ ಬೇಕಾಯಿತು. ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2002ರಲ್ಲಿ ಸೇನೆ ಸೇರಿದವರು. 13 ವರ್ಷಗಳ ಸೇವೆಯಲ್ಲಿ 10 ವರ್ಷ ಕಳೆದದ್ದು ಕಾಶ್ಮೀರ, ಈಶಾನ್ಯದಂಥ ಕಠಿಣ ನೆಲೆಗಳಲ್ಲಿ; ಅದರಲ್ಲಿ ಕೆಲವು ತಾವೇ ಕೇಳಿ ಪಡೆದವು. ವರ್ಗಾವಣೆ ತಪ್ಪಿಸಿಕೊಳ್ಳುವ ಅರ್ಜಿಗಳನ್ನೇ ಹೆಚ್ಚಾಗಿ ಕಂಡ ನನ್ನಂಥ ನಿವೃತ್ತ ಅಧಿಕಾರಿಗೆ ಇದು ಸಣ್ಣ ಸಂಗತಿಯಲ್ಲ.

2003ರ ಕದನವಿರಾಮದ ಬಳಿಕ ಸಿಯಾಚಿನ್‌ನಲ್ಲಿ ಗುಂಡು ನಿಂತಿತು, ಸಾವು ನಿಲ್ಲಲಿಲ್ಲ. ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಯೋಧರು ಹೂತುಹೋದರು. ಹಿಮಕುಸಿತದಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಚಳಿಯಲ್ಲ, ಉಸಿರುಕಟ್ಟುವಿಕೆ. ಕಾಲು ಗಂಟೆ ಕಳೆಯಿತೆಂದರೆ ಬದುಕುವ ಸಾಧ್ಯತೆ ವೇಗವಾಗಿ ಕುಗ್ಗುತ್ತದೆ. ಸುಮಾರು 25 ಅಡಿ ಆಳದಲ್ಲಿ, ಡೇರೆಯೊಳಗೆ ಉಳಿದ ಗಾಳಿಯಿಂದ ಹನುಮಂತಪ್ಪ ಆರನೆಯ ದಿನ ಜೀವಂತವಾಗಿ ಸಿಕ್ಕರು. ಉಳಿದ ಒಂಬತ್ತು ಮಂದಿ ಬದುಕಿರಲಿಲ್ಲ.

ದೇಶವೆಲ್ಲ ಪ್ರಾರ್ಥಿಸಿತು. ಆದರೆ ಮೂತ್ರಪಿಂಡ, ಯಕೃತ್ತುಗಳು ಸೋತಿದ್ದವು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಬೆಟದೂರಿನ ಮಣ್ಣು ಅವರನ್ನು ಮರಳಿ ಪಡೆಯಿತು.